ಕೋಣದ ಸಾಮಾನು ಎಲ್ಲೆಲ್ಲಿ ಸಿಕ್ಕತ್ತ್?

ಕಾಪುವಿನಂಗಿಪ್ಪ ನಾದಿನಿ ಮಗ ಈ ಸಲ ಮಳೆಗಾಲ ಮುಗಿಯುಕೂ ಮುಂಚೆ ಒಂದ್ ಎಳೆ ಕೋಣ ತಂದ. ತಂದದ್ದೇ ತಡ, ದಿನಕ್ಕ್ ಮೂರ್ ಸಲ ಫೋನ್. "ಮಾಮಿ, ಹಗ್ಗ ಎಲ್ಲಿ? ಮಾಮಿ, ತಿಂಬುಕೆ ಎಂತ ಹಾಕುದು?" ಅವ ತುಳುವಲ್ಲಿ ಕೇಳುದು, ನಾನ್ ಕುಂದಾಪ್ರ ಕನ್ನಡದಂಗೆ ಹೇಳುದು. ಮದಿ ಆಯಿ ಕಾರ್ಕಳಕ್ಕೆ ಬಂದು ಮೂವತ್ತ್ ವರ್ಷ ಆದ್ರೂ ನನ್ನ ನಾಲಿಗೆ ತಿರುಗಲಿಲ್ಲೆ. ಕೋಣ ಸಾಕುದು ಗಂಡಸ್ರ ಕೆಲಸ ಅಂಬ್ರು. ಆದ್ರೆ ಗಂಡಸ್ರ ಹತ್ರ ಕೇಳಿದ್ರೆ ಮೆಡಲಿನ ಕಥೆ ಬತ್ತೇ ಹೊರತು, ಹುರುಳಿ ಎಷ್ಟು ಅಂಬುದು ಬತ್ತಿಲ್ಲೆ. ಹಾಂಗಾಗಿ ಅವನಿಗೆ ಹೇಳಿದ್ದನ್ನೇ ಇಲ್ಲೂ ಬರಿತೆ.

ಅವ ಮೊದ್ಲು ಹೋದದ್ದು ಮಣಿಪಾಲಕ್ಕೆ. ಅಲ್ಲಿ ಕಲಿಯುಕೆ ಬಂದ ಮಕ್ಕಳು ನಾಯಿ, ಬೆಕ್ಕು ಸಾಕುದ್ರಿಂದ ಅಂಗಡಿ ತುಂಬ ಬೆಲ್ಟು, ಶಾಂಪೂ, ಬಿಸ್ಕತ್ತು. "ಯಾವ ಬ್ರೀಡು?" ಅಂತ ಅಂಗಡಿ ಹುಡ್ಗಿ ಕೇಳಿತಂಬ್ರು. "ಕೋಣ" ಅಂದದ್ದಕ್ಕೆ ಒಂದೇ ನಗೆ. ಕಡೆಗೆ ಒಂದ್ ಬ್ರಶ್ ತಕಂಡ್ ಬಂದ. ಅದು ಉಪಯೋಗದ್ದೇ ಬಿಡಿ. ಕುದುರೆಯಾದ್ರೂ ಕೋಣವಾದ್ರೂ ಮೈ ತಿಕ್ಕುದು ಒಂದೇ. ನಮ್ಮ ಬದಿಯಂಗೆ ಕುದುರೆ ಅಂದ್ರೆ ಗರಡಿಯಲ್ಲಿ ಬೆರ್ಮೆರ್ ಕೂತ ಕುದುರೆ, ಓಡುದು ಕೋಣವೇ.

ಹುರುಳಿಗೆ ಇಂಗ್ಲಿಷಿನವ್ರು ಕುದುರೆ ಕಾಳು ಅಂತ ಹೆಸರಿಟ್ಟಿದ್ರು, ತುಳುವಲ್ಲಿ ಕುಡು. ಕಂಬಳದ ಕೋಣಕ್ಕೂ ಅದೇ ಮುಖ್ಯ. ರಾತ್ರಿ ನೆನೆ ಹಾಕಿ ಬೆಳಿಗ್ಗೆ ಹಂಡೆಯಂಗೆ ಬೇಯ್ಸುದು. ಎಳೆದಕ್ಕೆ ಒಂದ್ ಕೇಜಿಯೊಳಗೇ ಶುರು ಮಾಡ್ಕ್. ಒಂದೇ ಸಲ ಹೆಚ್ಚಿಸಿದ್ರೆ ಹೊಟ್ಟಿ ಉಬ್ಬರಿಸ್ತ್. ಬಸಿದ ನೀರನ್ನ ಚೆಲ್ಬೇಡಿ ಮಾರಾಯ್ರೆ! ಹುಳಿ, ಮೆಣಸು ಹಾಕಿ ಕುದಿಸಿ, ಬೆಳ್ಳುಳ್ಳಿ ಒಗ್ಗರಣೆ ಕೊಟ್ರೆ ಹುರುಳಿ ಸಾರು. ಎರಡನೇ ದಿನ ಮತ್ತೆ ಕುದಿಸಿದ್ರೆ ಇನ್ನೂ ರುಚಿ. ಕೋಣಕ್ಕೆ ಕಾಳು, ನಮಗೆ ಸಾರು. ಗೇಯುವ ಕೋಣ ಇಪ್ಪತ್ತಿಗೆ ತೌರಿನಂಗೆ ಅಬ್ಬಿ ಮಾಡ್ತಿದ್ದದ್ದೂ ಹೀಂಗೇ. ಹುರುಳಿ ಚಿಲ್ಲರೆಗೆ ಪೂರೈಸ, ಕಾರ್ಕಳದಿಂದ ಮೂಟೆಯೇ ತರುದು. ಹಿಂಡಿ, ಪಶು ಆಹಾರ, ಖನಿಜದ ಪುಡಿ ಹಾಲಿನ ಸೊಸೈಟಿಯಂಗೇ ಸಿಕ್ಕತ್ತ್. ಬೈಹುಲ್ಲು ಮಾತ್ರ ಈಗ ಘಟ್ಟದ ಮೇಲಿಂದ ಲಾರಿಯಲ್ಲಿ ಬಪ್ಪುದು. ಗದ್ದೆ ಹಡಿಲು ಬಿಟ್ರೆ ಮತ್ತೆಂತ ಆತ್ತ್?

ಹಗ್ಗ ಉಡುಪಿ ಪೇಟೆಯಂಗೆ ಕೈಯಲ್ಲಿ ಹಿಡಿದು ಕಂಡು ತಕಣಿ. ನೈಲಾನ್ ಬ್ಯಾಡ, ಚರ್ಮ ಕೊಯ್ತತ್ತ್, ಹತ್ತಿದೇ ಆಯ್ಕ್. ನೊಗ ಅಂಗಡಿಯದ್ದಲ್ಲ, ಜೋಡಿಯ ಎತ್ತರ ತೋರ್ಸಿ ಆಚಾರ್ರ ಹತ್ರ ಮಾಡ್ಸುದು. ಕಾಲುಬಾಯಿ ಜ್ವರದ ಲಸಿಕೆ ಸರ್ಕಾರಿ ಪಶು ಆಸ್ಪತ್ರೆಯವ್ರು ಧರ್ಮಕ್ಕೇ ಹಾಕ್ತ್ರ್, ತುರ್ತಿಗೆ 1962ಕ್ಕೆ ಫೋನ್ ಮಾಡಿ.

ಮೊನ್ನೆ ಕೇಳಿದ, "ಮಾಮಿ, ಬೆತ್ತ ಎಲ್ಲಿ ಸಿಕ್ಕತ್ತ್?" ಅದೊಂದನ್ನ ನಾನ್ ಹೇಳಲಿಲ್ಲೆ.

ಹೋದ ವರ್ಷ ನಮ್ಮ ಪುಟ್ಟ ಒಂದ್ ಕಂಬಳ ಮುಗ್ಸಿ ಬೆಳಿಗ್ಗೆ ಲಾರಿಯಿಂದ ಇಳಿವತ್ತಿಗೆ ಸೊಂಟದ ಮೇಲೆಲ್ಲ ಬಾಸುಂಡೆ. ಎರಡನೇ ಬಹುಮಾನ ಬಂದಿತ್ತ್, ಮಗನ ಮೊಬೈಲಿನಂಗೆ ಬರೀ ಫೋಟೋ. ಅರಶಿನ ಎಣ್ಣೆ ಹಚ್ಚುಕೆ ಹ್ವಾರೆ ಪುಟ್ಟ ನನ್ನ ಕೈ ಕಂಡೇ ಹಿಂದೆ ಸರಿತ್. ಮೂರ್ ವರ್ಷ ಹುರುಳಿ ಕೊಟ್ಟ ಕೈ! ಮತ್ತೆ ಆ ಕೈಯಿಂದ ಬಾಳೆಹಣ್ಣು ತಿಂಬುಕೆ ಹನ್ನೆರಡ್ ದಿನ ಬೇಕಾಯ್ತ್. ನಮ್ಮನಿಯವ್ರಿಗೆ ಹೇಳ್ದೆ, "ಇನ್ನ್ ಅದೇ ಓಡ್ಸುವವ ಆದ್ರೆ ಹುರುಳಿ ನೀವೇ ಬೇಯ್ಸ್ಕಣಿ." "ಬೆತ್ತ ಇಲ್ದೆ ಕಂಬಳ ಉಂಟಾ?" ಅಂದ್ರು. 2014ರ ಸುಪ್ರೀಂ ಕೋರ್ಟ್ ತೀರ್ಪಿಂದ ಕಂಬಳಕ್ಕೆ ಶುರುವಾದ ತಾಪತ್ರಯ ಅವ್ರಿಗೂ ಗೊತ್ತಿತ್ತ್. 2017ರಲ್ಲಿ ಸರ್ಕಾರ ಕಾನೂನು ತಿದ್ದಿತ್, 2023ರ ಮೇ ತಿಂಗಳಲ್ಲಿ ಅದೇ ಕೋರ್ಟ್ ಒಪ್ಪಿತ್. ಒಪ್ಪಿದ್ದು ಓಟಕ್ಕೆ, ಬಾಸುಂಡೆಗಲ್ಲ. ಎರಡ್ ದಿನ ಅವ್ರು ಮಾತಾಡಲಿಲ್ಲೆ, ಮೂರನೇ ದಿನ ಬೇರೆ ಹುಡ್ಗನ ಕರ್ಕಂಡ್ ಬಂದ್ರು. ಅದಾದ್ಮೇಲೆ ಬಹುಮಾನ ಬರಲಿಲ್ಲೆ, ಮಗನಿಗೆ ಇನ್ನೂ ಸಿಟ್ಟಿತ್ತ್. ಇರ್ಲಿ.

"ಹಾಂಗಾದ್ರೆ ಓಡುದು ಹ್ಯಾಂಗೆ?" ಅಂತ ಕೇಳಿದ ಕಾಪುವಿನವ. ಮೊದ್ಲು ಒಂದ್ ತಿಂಗಳು ಓಡ್ಸುದೇ ಬ್ಯಾಡ ಅಂದೆ. ಕಾಲು, ಕೆಮಿ, ಬೆನ್ನು ಮುಟ್ಟಿ ಮುಟ್ಟಿ ಅಭ್ಯಾಸ ಮಾಡ್ಕ್. ದಿನಾ ಒಂದೇ ಹೆಸರು, ಒಂದೇ ದನಿ. ಬೆಳಿಗ್ಗೆ ಒಬ್ಬ ಸಂಜೆ ಒಬ್ಬ ಬೊಬ್ಬೆ ಹೊಡೆದ್ರೆ ಅದಕ್ಕೆಂತ ಅರ್ಥ ಆತ್ತ್? ಕೆರೆಯಂಗೆ ಈಜ್ಸಿ, ಉಸಿರು ಗಟ್ಟಿ ಆತ್ತ್. ನೊಗಕ್ಕೆ ಕಟ್ಟುವತ್ತಿಗೆ ಪಕ್ಕದಲ್ಲಿ ಹಳೇ ಸಮಾಧಾನದ ಕೋಣ ಇಪ್ಪುಕೆ ಬೇಕು. ಮೊದ್ಲು ಒಣ ಗದ್ದೆಯಂಗೆ ನಡ್ಸುದು, ಆಮೇಲೆ ಕೆಸರು. ಇನ್ನೂ ಓಡ್ವ ಅಂಬ ಉಮೇದಿಪ್ಪತ್ತಿಗೇ ನಿಲ್ಸಿ, ಮರುದಿನ ಅದೇ ಮುಂದೆ ಬತ್ತ್. ಹೊಟ್ಟಿ ತುಂಬಿದ ಕೂಡ್ಲೇ ಓಡ್ಸುಕಾಗ. ಕೋಣಕ್ಕೆ ಬೆವರು ಕಮ್ಮಿ, ಮೈಯೊಳಗಿನ ಸೆಕೆ ಹೋಯ್ಕಾದ್ರೆ ನೀರೇ ಬೇಕು, ಹಾಂಗಾಗಿ ಬಿಸಿಲೇರುಕೂ ಮುಂಚೆ ಮುಗ್ಸಿ ಮೀಯ್ಸ್ಕ್.

ಅವನ ಕೋಣ ಈಗ ಹೆಸರು ಕರೆದ್ರೆ ಕೆಮಿ ತಿರುಗ್ಸತ್ತಂಬ್ರು. ಜೋಡಿಗೆ ಇನ್ನೊಂದ್ ಹುಡುಕ್ತಿದ್ದ. ಬೆತ್ತ ಕಾಣದ್ದು ಯಾರ ಹಟ್ಟಿಯಂಗಾದ್ರೂ ಇದ್ರೆ ಹೇಳಿ ಹಾಂ.