ಬಂದುಹೋದ ಭಯ

ಭಯವು ಬರುವುದೂ ಹೋಗುವುದೂ ಮನುಷ್ಯರಿಗೆಲ್ಲ ಸಹಜವಾದುದು. ಆದರೆ ಹೋದ ಭಯವು ಮತ್ತೆ ಬಂದೀತೆಂಬ ಭಯವು ಹಾಗಲ್ಲ. ಅದು ಬಂದ ಮನೆಯಲ್ಲಿಯೇ ನೆಲೆಸಿ, ಮನೆಯವನನ್ನು ಹೊಸ್ತಿಲು ದಾಟಗೊಡದು.

ಕಡೂರಿನಲ್ಲಿ ಮನೆ, ಅಜ್ಜಂಪುರದಲ್ಲಿ ಉಪಾಧ್ಯಾಯ ವೃತ್ತಿ. ಹೀಗೆ ಬಹುಕಾಲ ರೈಲಿನಲ್ಲಿ ಹೋಗಿಬರುತ್ತಿದ್ದ ಗೃಹಸ್ಥರೊಬ್ಬರಿಗೆ ಒಂದು ದಿನ ಬೆಳಿಗ್ಗೆ, ಗಾಡಿಯು ಬೀರೂರನ್ನು ಬಿಟ್ಟ ಸ್ವಲ್ಪ ಹೊತ್ತಿನಲ್ಲಿಯೇ, ಎದೆಯು ಡವಗುಟ್ಟತೊಡಗಿತು. ಉಸಿರು ಸಾಲದಾಯಿತು, ಬೆರಳುಗಳು ಜುಮುಗುಟ್ಟಿದುವು, ಮೈಯೆಲ್ಲ ಬೆವೆತಿತು. ಇದೇ ಕಡೆಯ ಗಳಿಗೆಯೆಂದು ಅವರು ನಿಶ್ಚಯಿಸಿಬಿಟ್ಟರು. ಅಜ್ಜಂಪುರದಲ್ಲಿ ಸಹಪ್ರಯಾಣಿಕರು ಕೈಹಿಡಿದು ಇಳಿಸುವ ವೇಳೆಗೆ ಎಲ್ಲವೂ ತಗ್ಗಿತ್ತು. ವೈದ್ಯರು ಇ.ಸಿ.ಜಿ. ತೆಗೆಸಿ, ರಕ್ತವನ್ನು ಪರೀಕ್ಷಿಸಿ, ಹೃದಯದಲ್ಲಿ ದೋಷವೇನೂ ಇಲ್ಲವೆಂದರು. ಎದೆನೋವು ಬಂದಾಗ ಈ ಪರೀಕ್ಷೆಯು ಮೊದಲು ಆಗತಕ್ಕದ್ದೇ.

ಆದರೆ ಮನಸ್ಸು ಆ ಮಾತನ್ನು ನಂಬಲಿಲ್ಲ. ಮೊದಲು ರೈಲು ನಿಂತಿತು, ಆಮೇಲೆ ಬಸ್ಸು, ಬಳಿಕ ಒಬ್ಬರೇ ಸಂತೆಗೆ ಹೋಗುವುದೂ ನಿಂತಿತು. ರಜೆಯ ಅರ್ಜಿಗಳು ಒಂದರ ಹಿಂದೊಂದು ಹೋದುವು. ವರ್ಷವರ್ಷವೂ ಗೌರೀಹಬ್ಬಕ್ಕೆ ತರೀಕೆರೆಯ ಅಕ್ಕನಿಗೆ ತಾವೇ ಒಯ್ಯುತ್ತಿದ್ದ ಬಾಗಿನವನ್ನು ಆ ಸಲ ಮಗನ ಕೈಯಲ್ಲಿ ಕಳುಹಿಸಿದರು. ಸಂಜೆ ಅಕ್ಕ ದೂರವಾಣಿಯಲ್ಲಿ ಒಂದೇ ಮಾತು ಹೇಳಿದಳು: “ಬಾಗಿನ ಬಂತಪ್ಪ; ತಮ್ಮ ಬರಲಿಲ್ಲ.”

ಆ ಮಾತು ಅವರನ್ನು ಚುಚ್ಚಿತು. 2022ರಲ್ಲಿ ಸರ್ಕಾರವು ಆರಂಭಿಸಿದ ‘ಟೆಲಿ ಮನಸ್’ ಎಂಬ ಉಚಿತ ದೂರವಾಣಿಗೆ, 14416ಕ್ಕೆ, ಅವರು ಮೊದಲು ತಮ್ಮ ಕಷ್ಟವನ್ನು ಕನ್ನಡದಲ್ಲಿಯೇ ಹೇಳಿಕೊಂಡರು. ಅನಂತರ ಮನೋವೈದ್ಯರನ್ನು ಕಂಡರು. ಈ ವ್ಯಾಧಿಯು ಹೊಸತಲ್ಲವೆಂದು ಆಗ ತಿಳಿಯಿತು. ಅಮೆರಿಕದ ಅಂತರ್ಯುದ್ಧದ ಸಿಪಾಯಿಗಳಲ್ಲಿ ಇಂಥ ಎದೆಬಡಿತವನ್ನು ಕಂಡು ಡಾ ಕೋಸ್ಟಾ ಎಂಬ ವೈದ್ಯನು 1871ರಲ್ಲಿಯೇ ಬರೆದಿದ್ದನು. ಎದೆಯ ಬಡಿತವನ್ನು ಮರಣದ ಸೂಚನೆಯೆಂದು ಬಗೆದರೆ ಭಯ ಹೆಚ್ಚುವುದು. ಭಯ ಹೆಚ್ಚಿದರೆ ಬಡಿತವೂ ಹೆಚ್ಚುವುದು. ಈ ಸುಳಿಯನ್ನು ಇಂಗ್ಲೆಂಡಿನ ಡೇವಿಡ್ ಕ್ಲಾರ್ಕ್ ಅವರು 1986ರಲ್ಲಿ ವಿವರಿಸಿದರು. ಆತುರದ ಉಸಿರಾಟದಿಂದ ರಕ್ತದಲ್ಲಿ ಇಂಗಾಲಾಮ್ಲವಾಯುವು ಕಡಮೆಯಾಗಿ ಬೆರಳು ಜುಮುಗುಟ್ಟುವುದು, ತಲೆ ತಿರುಗುವುದು. ಈ ಉಬ್ಬರವು ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿಗೇರಿ, ಮತ್ತೆ ತಾನಾಗಿಯೇ ಇಳಿಯತಕ್ಕುದು.

ವೈದ್ಯರು ಔಷಧವನ್ನೂ ಕೊಟ್ಟರು. ಅದರ ಜೊತೆಗೆ ಒಂದು ಅಭ್ಯಾಸವನ್ನೂ ವಿಧಿಸಿದರು. ಭಯವು ಬಂದಾಗ ಓಡಿಹೋದವನಿಗೆ, ಓಡಿದ್ದರಿಂದಲೇ ಬದುಕಿದೆನೆಂಬ ಭ್ರಾಂತಿ ಉಳಿಯುತ್ತದೆ. ನಿಂತವನಿಗೆ ಮಾತ್ರ ಅದು ಇಳಿಯುವುದು ಕಾಣುತ್ತದೆ. ಆದುದರಿಂದ ಮೊದಲ ವಾರ ಕಡೂರಿನ ನಿಲ್ದಾಣದ ಬೆಂಚಿನ ಮೇಲೆ ಸುಮ್ಮನೆ ಕುಳಿತಿರುವುದು. ಎರಡನೆಯ ವಾರ ಬೀರೂರಿನವರೆಗೆ ಹೋಗಿ ಮರಳುವುದು. ಅದು ರೂಢಿಯಾದ ಮೇಲೆ ಅಜ್ಜಂಪುರ. ಒಂದೆರಡು ದಿನ ಬೀರೂರಿನಲ್ಲಿಯೇ ಇಳಿದು ಅವರು ಹಿಂದಿರುಗಿದ್ದುಂಟು. ಮರುದಿನ ಮತ್ತೆ ಹತ್ತಿದರು. ಕೆಲವು ತಿಂಗಳಲ್ಲಿ ಪಾಠಶಾಲೆಯ ಮಕ್ಕಳಿಗೆ ತಮ್ಮ ಮೇಷ್ಟರು ಮರಳಿ ದೊರೆತರು.

ಮುಂದಿನ ಗೌರೀಹಬ್ಬಕ್ಕೆ ಅವರು ಬಾಗಿನದ ಮರವನ್ನು ತೊಡೆಯ ಮೇಲಿಟ್ಟುಕೊಂಡು ಶಿವಮೊಗ್ಗದ ಗಾಡಿಯಲ್ಲಿ ಕುಳಿತರು. ಬೀರೂರು ದಾಟಿದೊಡನೆ ಹಳೆಯ ಬಡಿತವು ಎದ್ದಿತು. ಅವರು ಏಳಲಿಲ್ಲ, ಗಡಿಯಾರವನ್ನು ನೋಡುತ್ತ ನಿಧಾನವಾಗಿ ಉಸಿರುಬಿಟ್ಟರು. ತರೀಕೆರೆ ಬರುವಷ್ಟರಲ್ಲಿ ಅದು ಇಳಿದಿತ್ತು.

ಬಾಗಿಲಲ್ಲಿ ಅಕ್ಕ, “ಮುಖ ಯಾಕೋ ಬಾಡಿದೆಯಲ್ಲೋ, ದಾರಿಯಲ್ಲಿ ಅದು ಮತ್ತೆ ಬಂತೇ?” ಎಂದು ಕೇಳಿದಳು.

“ಬಂತಕ್ಕ,” ಎಂದು ಅವರು ಮರವನ್ನು ಅವಳ ಕೈಗಿತ್ತರು. “ಬಂದು ಹೋಯಿತು.”