ಮೂರು ಕೊಟೇಶನ್, ಒಂದೇ ಕೈ

ಶ್ರೀರಾಂಪುರದಲ್ಲಿ ನಮ್ಮದೊಂದು ಪುಟ್ಟ ಪ್ರೆಸ್ಸಿತ್ತು. ಇವರು ಟ್ರೆಡಲ್ ತುಳಿದರೆ, ಅಡಿಗೆ ಮುಗಿಸಿ ಬಂದು ಮೊಳೆ ಜೋಡಿಸುವವಳು ನಾನು. ಮದುವೆ ಕಾಲ ಮುಗಿದರೆ ಸರ್ಕಾರಿ ಕಚೇರಿಯ ರಸೀದಿ ಪುಸ್ತಕ, ನಮೂನೆಗಳೇ ಗತಿ. ಅದು ವರ್ಷವೂ ಬೇರೊಬ್ಬರ ಪಾಲಾಗುತ್ತಿತ್ತು. "ತಮ್ಮ ಕಡೆಯವರಿಗೇ ಕೊಡ್ತಾರೆ ಕಣೇ" ಎಂದು ಇವರು ಸಿಡುಕುತ್ತಿದ್ದರು. ನಾನೂ ದನಿಗೂಡಿಸುತ್ತಿದ್ದೆ.

ಒಂದು ವರ್ಷ ಕಚೇರಿಯ ಗುಮಾಸ್ತರೇ ಬಂದರು. "ಈ ಸಲ ನಿಮಗೇ ಅಮ್ಮಾ. ಫೈಲಿಗೆ ಮೂರು ಕೊಟೇಶನ್ ಬೇಕು, ಇನ್ನೆರಡನ್ನೂ ನೀವೇ ಕೊಟ್ಟುಬಿಡಿ" ಎಂದರು. ಆ ರಾತ್ರಿ, ಇಲ್ಲದ ಎರಡು ಪ್ರೆಸ್ಸುಗಳ ಹೆಸರಿಗೆ ಮೊಳೆ ಜೋಡಿಸಿದೆ. ಎರಡರಲ್ಲೂ ದರವನ್ನು ನಮಗಿಂತ ತುಸು ಹೆಚ್ಚೇ ಬರೆದೆ. ಬಂದ ಹಣದಲ್ಲಿ ಮಗಳ ಫೀಸು ಕಟ್ಟಿದೆವು. ಆ ವರ್ಷ ನಮ್ಮ ಮನೆಯಲ್ಲಿ ಪಕ್ಷಪಾತದ ಮಾತೇ ಏಳಲಿಲ್ಲ!

ಆಮೇಲೆ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999 ಬಂತು. ಟೆಂಡರು ಕರೆದೇ ಕೆಲಸ ಕೊಡಬೇಕೆಂದಿತು. 2005ರ ಮಾಹಿತಿ ಹಕ್ಕಿನಿಂದ ಫೈಲು ಕೇಳಿ ನೋಡುವ ಅವಕಾಶವೂ ಬಂತು. ಆದರೂ ಸಣ್ಣ ಮೊತ್ತಕ್ಕೆ ಟೆಂಡರು ಬೇಡ. ದೊಡ್ಡದಕ್ಕೂ ಸರ್ಕಾರ ಮನಸ್ಸು ಮಾಡಿದರೆ 4(ಜಿ) ವಿನಾಯಿತಿ ಕೊಡಬಹುದು. ದೊಡ್ಡ ಕೆಲಸವನ್ನು ತುಂಡು ಮಾಡಿ ಸಣ್ಣದಾಗಿಸುವ ಜಾಣರೂ ಇದ್ದಾರೆ.

ಈಗಲೂ ಪತ್ರಿಕೆಯಲ್ಲಿ ಇಂಥ ಆರೋಪ ಕಂಡರೆ ಇವರು ಗಟ್ಟಿಯಾಗಿ ಓದಿ ಬೈಯುತ್ತಾರೆ. ನಾನು ಮಾತ್ರ ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋಗುತ್ತೇನೆ.