ಹಿತ್ತಾಳೆ ಹೇಳಿದ ಸಾಕ್ಷಿ

ನಮ್ಮ ಮನೆದೇವರು ಮೈಲಾರಲಿಂಗ. ರಾಣೇಬೆನ್ನೂರಿನ ಹತ್ತಿರದ ದೇವರಗುಡ್ಡಕ್ಕೆ ವರ್ಷಕ್ಕೊಮ್ಮೆ ಹೋಗಿ ಬರುವುದು ಹಿರಿಯರು ಹಾಕಿಕೊಟ್ಟ ಪದ್ಧತಿ. ಆದರೆ ಪುಣೆಯಲ್ಲಿ ನೆಲೆಸಿದ ನಮಗೆ ರಜೆಯೂ ಕೈಯಲ್ಲಿ ಕಾಸೂ ಒಟ್ಟಿಗೆ ಕೂಡಿ ಬರುವುದು ಅಪರೂಪ. ಆದ್ದರಿಂದ ಸುಮಾರು 50 ಕಿಲೋಮೀಟರ್ ದೂರದ ಜೇಜುರಿಯ ಖಂಡೋಬನಲ್ಲಿಯೇ ಮೈಲಾರನನ್ನು ಕಂಡು ಸಮಾಧಾನಪಡುತ್ತೇವೆ. ಇಲ್ಲಿಯವರು ಕೂಗುವ ‘ಯೇಳ್ಕೋಟ್’ ನಮ್ಮ ‘ಏಳುಕೋಟಿ’ಯೇ ಅಲ್ಲವೇ?

2024ರ ಡಿಸೆಂಬರ್ 30 ಸೋಮವತಿ ಅಮಾವಾಸ್ಯೆ. ಟೆಕ್ಸಾಸಿನಿಂದ ಅಕ್ಕ, ಭಾವ ಮತ್ತು ಅವರ ಹನ್ನೆರಡು ವರ್ಷದ ಮಗ ರಜೆಗೆಂದು ಬಂದಿದ್ದರು. ಅವರನ್ನೂ ನಮ್ಮ ಸೋದರಮಾವನನ್ನೂ ಕರೆದುಕೊಂಡು, ದಿವೆ ಘಾಟು ಹತ್ತಿ, ಸಾಸವಡ ದಾಟಿ ಜೇಜುರಿ ಮುಟ್ಟಿದೆವು. ದೇವರ ಪಾಲಕಿ ಕರ್‍ಹಾ ನದಿಯ ಸ್ನಾನಕ್ಕೆ ಹೊರಡುವ ದಿನ, ಜನವೋ ಜನ. ಭಂಡಾರದ ಅರಿಸಿನದಲ್ಲಿ ಮೆಟ್ಟಿಲು, ಗೋಡೆ, ನಮ್ಮ ಮೂಗು ಎಲ್ಲವೂ ಒಂದೇ ಬಣ್ಣ. ಬಂದೂಕಿನ ಸಲಾಮಿಯಾದಾಗ ನಾವೆಲ್ಲ ಕಿವಿ ಮುಚ್ಚಿಕೊಂಡರೆ ಅಕ್ಕನ ಮಗ ಮಾತ್ರ ನಗುತ್ತ, “ನಮ್ಮ ಪಪ್ಪಾನ ರೈಫಲ್ ಇದಕ್ಕಿಂತ ಜೋರು” ಎಂದನು. ಮಾವ ತಿರುಗಿ ನೋಡಿದರು.

ಮಾವನ ವಿಷಯ ಹೇಳಬೇಕು. ಅವರು ಖಡಕಿಯ ಮದ್ದುಗುಂಡಿನ ಕಾರ್ಖಾನೆಯಲ್ಲಿ, 1869ರಲ್ಲಿ ಆರಂಭವಾದ ಹಳೆಯ ಕಾರ್ಖಾನೆ ಅದು, ತಪಾಸಣೆಯ ಕೆಲಸ ಮಾಡಿ ನಿವೃತ್ತರಾದವರು. ಮಾತು ಕಡಿಮೆ. ಹೆಣ್ಣು ನೋಡಲು ಹೋದಾಗಲೂ ಬಾಗಿಲಿನ ತಿರುಪು ಸಡಿಲಾದದ್ದನ್ನು ಮೊದಲು ನೋಡಿದವರು ಎಂದು ನಮ್ಮಲ್ಲಿ ಹಾಸ್ಯವುಂಟು.

ಇಳಿದು ಬಂದು ಬೇವಿನ ಮರದಡಿ ಬುತ್ತಿ ಬಿಚ್ಚಿದೆವು. ರೊಟ್ಟಿಯ ಜೊತೆ ಭಾವನವರ ಹವ್ಯಾಸದ ಮಾತು ಬಂತು. ಅವರು ತಮ್ಮ .308 ರೈಫಲಿಗೆ ಕಾಡತೂಸುಗಳನ್ನು ಮನೆಯಲ್ಲೇ ತುಂಬಿಕೊಳ್ಳುತ್ತಾರೆ. ಹಾರಿಸಿದ ಹಿತ್ತಾಳೆಯ ಕೇಸನ್ನು ಅಚ್ಚಿನಲ್ಲಿ ಒತ್ತಿ ಮೊದಲಿನ ಅಳತೆಗೆ ತಂದು, ಬುಡಕ್ಕೆ ಹೊಸ ಪ್ರೈಮರ್ ಕೂರಿಸಿ, ಮದ್ದು ತೂಗಿ ಹಾಕಿ, ಬಾಯಿಗೆ ಗುಂಡು ಒತ್ತುವುದು. ನಮ್ಮ ದೇಶದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವಂತಿಲ್ಲ. ಅಲ್ಲಿ ಅದು ಅನೇಕರ ಭಾನುವಾರದ ಕೆಲಸ. ಭಾವ ಹೆಮ್ಮೆಯಿಂದ ಫೋನಿನಲ್ಲಿ ಒಂದು ಚಿತ್ರ ತೋರಿಸಿದರು. ಮೂರು ಖಾಲಿ ಕೇಸುಗಳು ಬುಡ ಮೇಲಾಗಿ ಸಾಲಾಗಿ ನಿಂತಿದ್ದವು.

ಮಾವ ಕನ್ನಡಕ ಹಣೆಗೇರಿಸಿ ಚಿತ್ರವನ್ನು ಬೆರಳಿನಿಂದ ದೊಡ್ಡದು ಮಾಡಿ ಬಹಳ ಹೊತ್ತು ನೋಡಿದರು.

“ಅಳಿಯಂದಿರ, ಈ ಮೂರನೇದು ಹೊಡೆದ ಮ್ಯಾಲೆ ಬೋಲ್ಟು ಸರಳ ತೆರೀತೋ, ಬಡೀಬೇಕಾತೋ?”

ಭಾವ ಉತ್ತರ ಹೇಳುವ ಮೊದಲೇ ಹುಡುಗ ಹೇಳಿಬಿಟ್ಟ: “ಪಪ್ಪಾ ಕಟ್ಟಿಗೆ ತುಂಡಿನಿಂದ ಬಡಿದರು.” ಅಕ್ಕನ ಕೈಯಲ್ಲಿನ ರೊಟ್ಟಿ ಅಲ್ಲೇ ನಿಂತಿತು. “ಅವಾಗ ಇವನೂ ಅಲ್ಲೇ ಇದ್ದನೇನ್ರೀ?” ಎಂದಷ್ಟೇ ಕೇಳಿದಳು.

ಮಾವ ಯಾರನ್ನೂ ಬೈಯಲಿಲ್ಲ. ಚಿತ್ರದ ಮೇಲೆ ಬೆರಳಿಟ್ಟು ಪಾಠ ಹೇಳಿದರು. ಮೊದಲನೆಯ ಕೇಸಿನ ಪ್ರೈಮರಿನ ಅಂಚು ದುಂಡಗಿದೆ, ಸರಿ. ಎರಡನೆಯದರಲ್ಲಿ ಅದು ಚಪ್ಪಟೆಯಾಗಿ ಗುಂಡಿಯ ಅಂಚಿನವರೆಗೂ ಹರಡಿದೆ. ಮೂರನೆಯದರಲ್ಲಿ ಬುಡದ ಅಕ್ಷರಗಳ ಮೇಲೆ ಸಣ್ಣದೊಂದು ಹೊಳಪಿನ ವೃತ್ತ. ಖಾಲಿ ಕೇಸನ್ನು ಹೊರಗೆಸೆಯುವ ಎಜೆಕ್ಟರಿನ ರಂಧ್ರದೊಳಕ್ಕೆ ಹಿತ್ತಾಳೆ ಮೇಣದಂತೆ ನುಗ್ಗಿ, ಬೋಲ್ಟು ತಿರುಗುವಾಗ ಉಜ್ಜಿ ಹೊಳೆದ ಗುರುತು ಅದು.

ಬೋಲ್ಟು ಕಚ್ಚಿಕೊಳ್ಳುವುದೇಕೆಂದು ನಾವು ಕೇಳಿದೆವು. ಗುಂಡು ಹಾರುವಾಗ ಕೇಸು ಉಬ್ಬಿ ರೈಫಲಿನ ಗೂಡಿಗೆ ಅಂಟುತ್ತದೆ, ಒತ್ತಡ ಇಳಿದೊಡನೆ ಸ್ವಲ್ಪ ಕುಗ್ಗಿ ಸಡಿಲಾಗುತ್ತದೆ. ಒತ್ತಡ ಮಿತಿ ಮೀರಿದರೆ ಹಿತ್ತಾಳೆಗೆ ಕುಗ್ಗುವ ಗುಣವೇ ಹೋಗಿ ಅಲ್ಲೇ ಹಿಡಿದು ನಿಲ್ಲುತ್ತದೆ. ಮಿತಿಯೆಂದರೆ ಎಷ್ಟು? .308ಕ್ಕೆ ಅಮೇರಿಕದ ತಯಾರಕರು ಗೊತ್ತುಮಾಡಿದ ಗರಿಷ್ಠ ಒತ್ತಡ ಚದರ ಅಂಗುಲಕ್ಕೆ 62,000 ಪೌಂಡು. ಲಾರಿಯ ಗಾಲಿಯಲ್ಲಿರುವುದು ಸುಮಾರು 100. ಅಷ್ಟನ್ನು ಹಿಡಿದಿಟ್ಟುಕೊಂಡ ಉಕ್ಕು ಹಾರಿಸುವವನ ಕೆನ್ನೆಯಿಂದ ಗೇಣುದ್ದ ದೂರದಲ್ಲಿರುತ್ತದೆ.

“ಎರಡನೇದು ಚಪ್ಪಟೆ ಇತ್ತು, ಖರೇ. ಆದರೆ ಮಾವಾರ, ಬೋಲ್ಟು ಸರಳ ತೆರೀತು. ಕೆಲವು ಪ್ರೈಮರಿನ ತಗಡು ಮೆತ್ತಗಿರ್ತೈತಿ ಅಂತಾರಲ್ಲ” ಎಂದರು ಭಾವ.

ಮಾವ ಒಪ್ಪಿದರು. ಚಪ್ಪಟೆಯಾದದ್ದೊಂದೇ ನಂಬುವ ಸಾಕ್ಷಿಯಲ್ಲ. ಸೂಜಿಯ ರಂಧ್ರ ದೊಡ್ಡದಿದ್ದರೆ ಒತ್ತಡ ಸರಿಯಿದ್ದರೂ ಪ್ರೈಮರಿನ ಮೇಲೆ ದಡ ಎದ್ದೀತು. “ಆದರೆ ಗುರುತು ಇಲ್ಲಾ ಅಂದರ ಧೋಕಾ ಇಲ್ಲಾ ಅಂತ ತಿಳೀಬ್ಯಾಡ್ರಿ. ಹಿತ್ತಾಳೆ ತಡವಾಗಿ ಬಾಯಿ ಬಿಡತೈತಿ.” ಅಲ್ಲಿನ ಹಳೆಯ .30-30 ರೈಫಲಿಗೆ ಮಿತಿ 42,000. ಅದರ ಕೇಸೂ ಇದೇ ಹಿತ್ತಾಳೆಯದು. 50,000 ದಾಟಿದರೂ ಅದು ಏನೂ ಹೇಳದೆ ಸುಮ್ಮನಿದ್ದೀತು. ಅಷ್ಟರಲ್ಲಿ ರೈಫಲಿನ ಸಹನೆ ಮೀರಿರುತ್ತದೆ. ಕಾರ್ಖಾನೆಗಳಲ್ಲಿ ಯಾರೂ ಕಣ್ಣಳತೆಯಿಂದ ಒತ್ತಡ ಹೇಳುತ್ತಿರಲಿಲ್ಲ. ಪರೀಕ್ಷೆಯ ನಳಿಗೆಗೆ ರಂಧ್ರ ಕೊರೆದು, ಅದರ ಮೇಲೆ ತಾಮ್ರದ ಚಿಕ್ಕ ತುಂಡನ್ನಿಟ್ಟು, ಅದು ಎಷ್ಟು ಜಜ್ಜಿತೆಂದು ಅಳೆಯುವುದು ಹಳೆಯ ಕ್ರಮ. ಮನೆಯಲ್ಲಿ ತುಂಬುವವರಿಗೆ ಗುಂಡಿನ ವೇಗ ಅಳೆಯುವ ಯಂತ್ರವೇ ಮೇಲು. ಪುಸ್ತಕ ಹೇಳಿದ್ದಕ್ಕಿಂತ ವೇಗ ಹೆಚ್ಚು ಬಂತೆಂದರೆ ಸಂತೋಷಪಡಬಾರದು, ನಿಲ್ಲಿಸಬೇಕು. ಹೊಸ ಪ್ರೈಮರ್ ಬೆರಳಿಗೇ ಕೂತಂತೆ ಸಡಿಲವಾಗಿ ಇಳಿದರೆ ಆ ಕೇಸಿನ ಆಯುಷ್ಯ ಮುಗಿಯಿತು.

“ಆ ಪೆಟ್ಟಿಗ್ಯಾಗ ಎಷ್ಟು ತುಂಬಿದ್ರಿ?”

“ಇಪ್ಪತ್ತು. ಮೂರು ಹೊಡೆದು ಮನೆಗೆ ಬಂದೆ.”

“ಉಳಿದದ್ದು ಬಿಚ್ಚಿ, ಒಂದೊಂದೂ ಅಳೀರಿ. ಇನ್ನೊಂದು ಹಾರಿಸಿ ನೋಡೂಣು ಅನಬ್ಯಾಡ್ರಿ.”

ಪುಣೆಗೆ ಮರಳುವಾಗ ಕಾರಿನಲ್ಲಿ ಅಕ್ಕ ಮಾತಾಡಲಿಲ್ಲ. ಮಗನ ತಲೆಯ ಅರಿಸಿನವನ್ನು ಸೆರಗಿನಿಂದ ಒರೆಸುತ್ತ ಕೂತಿದ್ದಳು, ಅದು ಹೋಗುವ ಬಣ್ಣವಲ್ಲವೆಂದು ಗೊತ್ತಿದ್ದರೂ.

ಫೆಬ್ರವರಿಯಲ್ಲಿ ಭಾವನವರ ಸಂದೇಶ ಬಂತು. ಮದ್ದಿನ ತೂಕ ಎಲ್ಲದರಲ್ಲೂ ಸರಿಯಿತ್ತಂತೆ. ದೋಷವಿದ್ದದ್ದು ಕೇಸುಗಳ ಕತ್ತಿನಲ್ಲಿ. ಮತ್ತೆ ಮತ್ತೆ ಹಾರಿಸಿ ಒತ್ತಿದ ಹಿತ್ತಾಳೆ ಉದ್ದವಾಗುತ್ತ ಹೋಗುತ್ತದೆ, 2.015 ಅಂಗುಲ ಮೀರದಂತೆ ಕತ್ತರಿಸಬೇಕು. ಹಳೆಯ ಕೆಲವು ಕೇಸುಗಳು ಕತ್ತರಿಸದೆಯೇ ಸೇರಿಹೋಗಿದ್ದವು. ಅಂಥದ್ದರ ಬಾಯಿ ಗೂಡಿನ ಅಂಚಿಗೆ ಒತ್ತಿಕೊಂಡು ಗುಂಡನ್ನು ಬಿಡದೆ ಹಿಡಿದಾಗ ಹಿಂದಿನ ಒತ್ತಡ ಒಮ್ಮೆಲೇ ಏರುತ್ತದೆ. “ಹದಿನಾರನ್ನೂ ಬಿಚ್ಚಿದ್ದೇನೆ, ಮಾವನವರಿಗೆ ತಿಳಿಸಿರಿ” ಎಂದು ಕೊನೆಗೆ ಬರೆದಿದ್ದರು.

ಮಾವನಿಗೆ ಓದಿ ಹೇಳಿದೆವು. ಅವರು ಬೆರಳು ಮಡಚಿ ಎಣಿಸಿದರು. “ಇಪ್ಪತ್ತರಾಗ ಮೂರು ಹೋದರ ಹದಿನೇಳು. ಇನ್ನೊಂದು ಎಲ್ಲೈತಿ ಕೇಳು.”

ಅಲ್ಲಿ ಆಗ ನಡುರಾತ್ರಿ. ಆದರೂ ಬರೆದೆವು. ಮರುದಿನ ಉತ್ತರ ಬಂತು: ಹುಡುಗನೇ ಹುಡುಕಿ ತೆಗೆದನಂತೆ, ಭಾವನವರ ಹಳೆಯ ಕೋಟಿನ ಜೇಬಿನಲ್ಲಿತ್ತು.